ಫೈಬರ್ ಲೈನ್ ಬರುವ ತನಕ ಡಾಂಗಲ್

ಮಂಗಳೂರಿಗೆ ವರ್ಗವಾಗಿ ಬಂದವರು ನಮ್ಮ ಸಂಘಕ್ಕೆ ಬಂದರೆ ಗ್ಯಾಸ್, ಶಾಲೆ ಆದ ಮೇಲೆ ಕೇಳುವುದು ಒಂದೇ, ಮನೆಗೆ ನೆಟ್ ಹೇಗೆ ಅಂತ. ಫೈಬರ್ ಎಳೆಯುವವರು ಇವತ್ತು ನಾಳೆ ಅನ್ನುತ್ತಾರೆ, ಮಳೆ ಹಿಡಿದರಂತೂ ಕೇಳುವುದೇ ಬೇಡ. ಅಲ್ಲಿಯ ತನಕ ಫೋನಿನ ಹಾಟ್‌ಸ್ಪಾಟ್ ಸಾಕು ಅಂತ ಅನಿಸುತ್ತದೆ, ಆದರೆ ಆ ಫೋನ್ ಹಿಡಿದುಕೊಂಡವರು ಬೆಳಿಗ್ಗೆ ಆಫೀಸಿಗೆ ಹೋದರೆ ಮನೆಯ ನೆಟ್ಟೂ ಅವರ ಜೊತೆ ಬಸ್ ಹತ್ತುತ್ತದೆ, ಅಲ್ವಾ? ಅದಕ್ಕೇ ಯುಎಸ್‌ಬಿ ಮೋಡೆಮ್, ಅಂದರೆ ನಾವೆಲ್ಲ ಹೇಳುವ ಡಾಂಗಲ್.

ಮಾತಾಡಲು ಬಾರದ ಸಣ್ಣ ಮೊಬೈಲ್ ಅಂದುಕೊಳ್ಳಿ. ಒಳಗೆ ಸಿಮ್ ಉಂಟು. ಟವರ್‌ನ ರೇಡಿಯೋ ಅಲೆ ಹಿಡಿದು ಲ್ಯಾಪ್‌ಟಾಪ್‌ಗೆ ತಿಳಿಯುವ ಡೇಟಾ ಮಾಡಿ ಕೊಡುತ್ತದೆ, ನೀವು ಕಳಿಸಿದ್ದನ್ನು ಮತ್ತೆ ಅಲೆ ಮಾಡಿ ಟವರ್‌ಗೆ ಮುಟ್ಟಿಸುತ್ತದೆ. ಅದಕ್ಕೆ ಬೇಕಾದ ಕರೆಂಟೂ ಅದೇ ಯುಎಸ್‌ಬಿಯಿಂದ.

ಕೊಳ್ಳುವಾಗ ಸಿಮ್ ಹಾಕುವ ಜಾಗ ಉಂಟಾ ನೋಡಿ. ನೋಡಲು ಹಾಗೇ ಇರುವ ವೈಫೈ ಅಡಾಪ್ಟರ್ ಬೇರೆ, ಅದಕ್ಕೆ ಮನೆಯಲ್ಲಿ ಮೊದಲೇ ವೈಫೈ ಇರಬೇಕು. ಊರಿಂದ ತಂದ ಹಳೇ 3ಜಿ ಡಾಂಗಲ್ ಇದ್ದರೆ ಅದರ ಆಸೆ ಬಿಡಿ. ಜಿಯೋ ಶುರುವಿನಿಂದಲೂ 3ಜಿ ಕೊಟ್ಟೇ ಇಲ್ಲ, ಏರ್‌ಟೆಲ್ 2020ರಲ್ಲಿ ನಿಲ್ಲಿಸಿತು. 4ಜಿಯದ್ದೇ ತಗೊಳ್ಳಿ. ಮನೆಯಲ್ಲಿ ಮೂರ್ನಾಲ್ಕು ಫೋನ್ ಇದ್ದರೆ ವೈಫೈ ಕೊಡುವ ಡಾಂಗಲ್ ಒಳ್ಳೆಯದು, ಅದನ್ನು ಮೊಬೈಲ್ ಚಾರ್ಜರ್‌ಗೆ ಸಿಕ್ಕಿಸಿದರೂ ನಡೆಯುತ್ತದೆ. ಪಾಸ್‌ವರ್ಡ್ ಸಾಮಾನ್ಯವಾಗಿ ಮುಚ್ಚಳದ ಒಳಗೆ ಬರೆದಿರುತ್ತದೆ. ಮೊದಲ ದಿನವೇ ಬದಲಿಸಿ.

ಕೆಲವು ಡಾಂಗಲ್ ಮೊದಲ ಸಲ ಸಿಕ್ಕಿಸಿದಾಗ ಸಿಡಿ ಡ್ರೈವ್ ಥರ ಕಾಣುತ್ತದೆ. ಹಾಳಾಗಿದೆ ಅಂತ ವಾಪಸ್ ಕೊಟ್ಟವರಿದ್ದಾರೆ ಮಾರಾಯ್ರೆ! ಅದರೊಳಗೇ ಸಾಫ್ಟ್‌ವೇರ್ ಇರುತ್ತದೆ, ಹಾಕಿದ ಮೇಲೆ ಮೋಡೆಮ್ ಆಗುತ್ತದೆ. ಸಿಗ್ನಲ್ ಇದ್ದೂ ನೆಟ್ ಬರದಿದ್ದರೆ ಸೆಟ್ಟಿಂಗ್‌ನಲ್ಲಿ ಎಪಿಎನ್, ಅಂದರೆ ಕಂಪನಿಯ ನೆಟ್‌ಗೆ ಸೇರುವ ಬಾಗಿಲಿನ ಹೆಸರು, ಸರಿ ಉಂಟಾ ನೋಡಿ, ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಇಂಗ್ಲಿಷ್ ಸಣ್ಣಕ್ಷರದಲ್ಲಿ ಒಟ್ಟಿಗೇ ಬರೆಯಬೇಕು.

ಇನ್ನು ಜಾಗ. ಸ್ಪೀಡಿನ ಮುಕ್ಕಾಲು ಪಾಲು ಗೋಳು ಇಲ್ಲೇ. ಹಳೇ ಮನೆಯ ಕೆಂಪುಕಲ್ಲಿನ ಗೋಡೆ, ಫ್ಲ್ಯಾಟಿನ ಕಾಂಕ್ರೀಟು, ಎರಡೂ ಅಲೆಯನ್ನು ನುಂಗುತ್ತವೆ. ಬಿಜೈಯ ನಮ್ಮ ಮನೆಯಲ್ಲಿ ನಡುಕೋಣೆಯ ಮೇಜಿನ ಮೇಲೆ ಸಿಗ್ನಲ್ ಒಂದು ಗೆರೆ, ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಕಿಟಕಿಗೆ ತಂದರೆ ನಾಲ್ಕು. ಎರಡು ಮೀಟರ್ ಕೇಬಲ್ ಸಾಕು, ತುಂಬಾ ಉದ್ದ ಆದರೆ ಡಾಂಗಲ್ ಗುರುತೇ ಸಿಗುವುದಿಲ್ಲ. ಆಸೆ ಜಾಸ್ತಿಯಾಗಿ ನಾನು ಅದನ್ನು ಸರಳಿನ ಹೊರಗೆ ನೇತು ಹಾಕಿದೆ. ಜೂನ್ ತಿಂಗಳು. ಗಂಜಿ ಉಂಡು ಬರುವಷ್ಟರಲ್ಲಿ ಮಳೆ ಬಡಿದು ಡಾಂಗಲ್ ಸತ್ತಿತ್ತು.

ಒಳಗೇ ಇಡಿ. ಆ ಕೇಬಲ್ ಸಂಘದ ಆಫೀಸಿನಲ್ಲಿ ಈಗಲೂ ಉಂಟು, ಕೊಂಡುಹೋಗಿ ಒಂದೊಂದೇ ಕಿಟಕಿಯಲ್ಲಿಟ್ಟು ನೋಡಿ, ಕೆಲಸ ಮುಗಿದ ಮೇಲೆ ವಾಪಸ್ ಕೊಡಿ.