ಕಲಬುರಗಿ ರಸ್ತೆಗೆ ಯಾವ ಗಾಡಿ: ಸಣ್ಣ ಎಸ್‌ಯುವಿಯೋ, ಚುರುಕು ಹ್ಯಾಚ್‌ಬ್ಯಾಕೋ?

ಷೋರೂಮಿಗೆ ಹೋಗುವಾಗ ಜೇಬಿನಲ್ಲಿ ಅಳತೆ ಟೇಪು ಇರಲಿ, ಜೊತೆಗೆ ಮನೆಯ ಮೂರ್ನಾಲ್ಕು ಜನ ಇರಲಿ. ಇಷ್ಟಿದ್ದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ನೆಕ್ಸಾನ್, ವೆನ್ಯೂ, ಸೊನೆಟ್‌ನಂಥ ಸಣ್ಣ ಎಸ್‌ಯುವಿಗಳಿಗೂ ಐ20 ಎನ್ ಲೈನ್‌ನಂಥ ಜೋರಿನ ಹ್ಯಾಚ್‌ಬ್ಯಾಕಿಗೂ ಉದ್ದದಲ್ಲಿ ವ್ಯತ್ಯಾಸವೇ ಇಲ್ಲ, ಎಲ್ಲವೂ 4 ಮೀಟರಿನೊಳಗೇ. ಆಯ್ಕೆಗೆ ಆಧಾರವಾಗಬೇಕಾದದ್ದು ನೀವು ಮೇಲಿಂದ ಮೇಲೆ ಹೋಗುವ ದಾರಿಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಮತ್ತು ಆ ದಿನ ಗಾಡಿಯಲ್ಲಿ ಕೂರುವ ಜನ, ಹಾಕುವ ಸಾಮಾನು.

ಮೊದಲು ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ. ಸಣ್ಣ ಎಸ್‌ಯುವಿಗಳಲ್ಲಿ ನೆಕ್ಸಾನ್‌ಗೆ 208 ಮಿ.ಮೀ., ಫ್ರಾಂಕ್ಸ್‌ಗೆ 190, ಹ್ಯಾಚ್‌ಬ್ಯಾಕುಗಳಲ್ಲಿ ಐ20ಗೆ 170, ಸ್ವಿಫ್ಟ್‌ಗೆ 163. ಇವು ಸಾಮಾನ್ಯವಾಗಿ ಖಾಲಿ ಗಾಡಿಯ ಲೆಕ್ಕ. ಊರಿಂದ ಬರುವಾಗ ಐದು ಜನ ಕೂತು ಡಿಕ್ಕಿಯಲ್ಲಿ ಒಂದು ತೊಗರಿ ಚೀಲ ಬಿದ್ದರೆ ಹಿಂಭಾಗ ಎಷ್ಟು ಕುಗ್ಗುತ್ತದೆ ಎಂಬುದನ್ನು ನೀವೇ ಅಳೆಯಬೇಕು. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಗಾಲಿಯ ಮೇಲಿನ ಕಮಾನಿನ ಅಂಚಿನಿಂದ ನೆಲದವರೆಗೆ ಟೇಪು ಹಿಡಿಯಿರಿ. ಈಗ ನಾಲ್ವರನ್ನು ಕೂರಿಸಿ, ಅದೇ ಜಾಗದಲ್ಲಿ ಮತ್ತೆ ಹಿಡಿಯಿರಿ. ಇಳಿದಷ್ಟನ್ನು ಬ್ರೋಷರಿನ ಅಂಕಿಯಿಂದ ಕಳೆಯಿರಿ. 40 ಮಿ.ಮೀ. ಇಳಿಯಿತು ಅಂದುಕೊಳ್ಳಿ: ನೆಕ್ಸಾನ್‌ನಲ್ಲಿ 168 ಉಳಿಯುತ್ತದೆ, ಸ್ವಿಫ್ಟ್‌ನಲ್ಲಿ 123.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಹಾಗಿದ್ದರೆ 123 ಮಿ.ಮೀ. ಸಾಕು. ಆದರೆ ಹಳ್ಳಿ ಬಾಯಿಯಲ್ಲಿ ರಾತ್ರೋರಾತ್ರಿ ಏಳುವ ಹಂಪಿಗೆ ಯಾವ ಮಾನದಂಡವೂ ಇಲ್ಲ, ಅಗಲ ಒಂದು ಮೊಳ, ಎತ್ತರ ಅವರವರ ಸಿಟ್ಟಿಗೆ ತಕ್ಕಂತೆ. ಅಲ್ಲಿ ಮುಂದಿನ, ಹಿಂದಿನ ಗಾಲಿಗಳ ನಡುವಿನ ದೂರವೂ (ವೀಲ್‌ಬೇಸ್) ಲೆಕ್ಕಕ್ಕೆ ಬರುತ್ತದೆ. ಐ20ಯ ವೀಲ್‌ಬೇಸ್ 2580 ಮಿ.ಮೀ., ನೆಕ್ಸಾನ್‌ನದು 2498. ವೀಲ್‌ಬೇಸ್ ಉದ್ದವಾಗಿ ಹೊಟ್ಟೆ ಕೆಳಗಿದ್ದರೆ ಮುಂದಿನ ಗಾಲಿ ದಾಟಿದ ಮೇಲೆ ನಡುಭಾಗ ಉಜ್ಜುತ್ತದೆ. ಹ್ಯಾಚ್‌ಬ್ಯಾಕಿನವರು ಇಂಥ ಹಂಪನ್ನು ಓರೆಯಾಗಿ, ಒಂದೊಂದೇ ಗಾಲಿ ಏರುವಂತೆ ದಾಟಬೇಕು. ತುಂಬಿದ ಗಾಡಿಯಾದರೆ ಹಿಂದಿನವರನ್ನು ಇಳಿಸುವುದೇ ಲೇಸು.

ಎಂಜಿನ್ನಿನ ತಳದಲ್ಲಿ ಆಯಿಲ್ ತುಂಬಿರುವ ಚೇಂಬರ್ ಉಜ್ಜಿ ಒಡೆದರೆ ಆಯಿಲ್ ನಿಮಿಷಗಳಲ್ಲಿ ಖಾಲಿ. ಕೆಂಪು ಆಯಿಲ್ ದೀಪ ಹತ್ತಿದ ಕೂಡಲೇ ಎಂಜಿನ್ ಬಂದ್ ಮಾಡಿ ಟೋಯಿಂಗಿಗೆ ಹೇಳಿ, ‘ಪಕ್ಕದ ಊರಿನ ತನಕ ಒಯ್ದರಾಯ್ತು’ ಎಂದರೆ ಎಂಜಿನ್ನೇ ಜಾಮ್ ಆಗುತ್ತದೆ. ಹ್ಯಾಚ್‌ಬ್ಯಾಕಿಗೆ ಲೋಹದ ಚೇಂಬರ್ ಗಾರ್ಡ್ ಹಾಕಿಸುವುದು ಒಳ್ಳೆಯದೇ, ಅದೂ ಕೆಲವು ಮಿ.ಮೀ. ತಿನ್ನುತ್ತದೆ ಎಂಬ ಅರಿವಿರಲಿ. ಸ್ಪ್ರಿಂಗಿನ ನಡುವೆ ರಬ್ಬರ್ ತುರುಕಿ ಎತ್ತರ ಮಾಡಿಸುವ ಗೋಜಿಗೆ ಮಾತ್ರ ಹೋಗಬೇಡಿ: ಸಸ್ಪೆನ್ಶನ್ ನಡೆ ಗಡುಸಾಗುತ್ತದೆ, ಅಲೈನ್‌ಮೆಂಟ್ ಕೆಡುತ್ತದೆ, ವಾರಂಟಿ ಕೇಳಲು ಹೋದರೆ ತಕರಾರು.

ಜನ ಕ್ಲಿಯರೆನ್ಸ್ ಕೇಳುತ್ತಾರೆ, ಟೈರ್ ನೋಡುವುದಿಲ್ಲ. ನಮ್ಮ ಕಡೆ ಹೆಚ್ಚು ಖರ್ಚು ಬರುವುದು ಅಲ್ಲೇ. ಟೈರಿನ ಮೇಲೆ 195/55 ಆರ್16 ಎಂದಿದ್ದರೆ ಅಗಲ 195 ಮಿ.ಮೀ., ಗೋಡೆಯ ಎತ್ತರ ಅದರ ಶೇ 55, ಅಂದರೆ 107 ಮಿ.ಮೀ. ಇದು ಐ20 ಎನ್ ಲೈನ್ ಟೈರು. ನೆಕ್ಸಾನ್‌ನ 215/60 ಆರ್16ರಲ್ಲಿ ಗೋಡೆ 129 ಮಿ.ಮೀ. ರಿಮ್ಮಿಗೂ ತಗ್ಗಿನ ಅಂಚಿಗೂ ನಡುವೆ ಇರುವ ಮೆತ್ತೆ ಇಷ್ಟೇ. ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಡಾಂಬರಿನ ಅಂಚು ಕುಸಿದು ಚೂಪಾದ ತಗ್ಗು ಬೀಳುತ್ತದೆ. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಲಾರಿಗಳ ತುಳಿತ ಬೇರೆ. ಗಾಳಿ ಕಡಿಮೆ ಇದ್ದ ಸಣ್ಣ ಗೋಡೆಯ ಟೈರು 60ರ ವೇಗದಲ್ಲಿ ಅಂಥದ್ದಕ್ಕೆ ಬಿದ್ದರೆ ಪಕ್ಕದಲ್ಲಿ ಗುಬುಟು ಏಳುತ್ತದೆ. ಒಳಗಿನ ನೂಲು ತುಂಡಾಗಿದೆ ಎಂದರ್ಥ, ಪಂಕ್ಚರ್ ಅಂಗಡಿಯವ ಏನೇ ಹೇಳಲಿ ಆ ಟೈರ್ ಬದಲಿಸಿ.

ಗಾಳಿಯ ಅಳತೆ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುತ್ತದೆ. ಖಾಲಿ ಗಾಡಿಗೆ, ತುಂಬಿದ ಗಾಡಿಗೆ ಅಂಕಿ ಬೇರೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ತುಂಬಿಸಿ. ಮೇ ತಿಂಗಳ ಮಧ್ಯಾಹ್ನ ಪೆಟ್ರೋಲ್ ಪಂಪಿನಲ್ಲಿ ಮೀಟರ್ ಹೆಚ್ಚು ತೋರಿಸಿತೆಂದು ಗಾಳಿ ಬಿಟ್ಟರೆ ರಾತ್ರಿ ತಣಿದ ಮೇಲೆ ಒತ್ತಡ ಕಡಿಮೆಯಾಗಿ, ಮರುದಿನ ಟೈರ್ ಇನ್ನೂ ಹೆಚ್ಚು ಕಾಯುತ್ತದೆ.

ಎಸ್‌ಯುವಿ ಎಂಬ ಹೆಸರಿಗೆ ಮರುಳಾಗಿ ಹೊಲಕ್ಕೆ ಇಳಿಸುವವರಿಗೆ ಒಂದು ಮಾತು. ಈ ಸಣ್ಣ ಗಾಡಿಗಳೆಲ್ಲ ಮುಂದಿನ ಎರಡು ಗಾಲಿಯಿಂದಲೇ ಎಳೆಯುವವು, ಥೇಟ್ ಹ್ಯಾಚ್‌ಬ್ಯಾಕಿನಂತೆ. ಒದ್ದೆ ಎರಿ ಮಣ್ಣು ಟೈರಿನ ಗೆರೆಗಳಲ್ಲಿ ಮೆತ್ತಿಕೊಂಡಿತೆಂದರೆ 208 ಮಿ.ಮೀ. ಇದ್ದರೂ ಗಾಲಿ ನಿಂತಲ್ಲೇ ತಿರುಗುತ್ತದೆ. ಟ್ರ್ಯಾಕ್ಟರ್ ಬರುವ ತನಕ ಕಾಯಬೇಕು.

ಹಾಗಾದರೆ ಹ್ಯಾಚ್‌ಬ್ಯಾಕ್ ಯಾಕೆ ಬೇಕು? ಹುಮನಾಬಾದ್ ಕಡೆಯ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಉತ್ತರ ಸಿಗುತ್ತದೆ. ಕತ್ತಲಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಲಿ ಎದುರಾಗುತ್ತದೆ, ಎಮ್ಮೆ ಅಡ್ಡ ಬರುತ್ತದೆ. ಬ್ರೇಕ್ ಒತ್ತುತ್ತಲೇ ಸ್ಟೀರಿಂಗ್ ತಿರುಗಿಸಬೇಕಾದಾಗ ತಗ್ಗಾಗಿ ಕೂತ ಗಾಡಿ ಕಡಿಮೆ ವಾಲುತ್ತದೆ, ಬೇಗ ನೇರವಾಗುತ್ತದೆ. ಗಾಳಿಗೆ ಅಡ್ಡ ನಿಲ್ಲುವ ಎತ್ತರ ಕಡಿಮೆ, ಹಾಗಾಗಿ 90–100ರ ವೇಗದಲ್ಲಿ ಪೆಟ್ರೋಲೂ ಉಳಿಯುತ್ತದೆ. ಯಾವುದನ್ನೇ ಕೊಂಡರೂ ಇಎಸ್‌ಸಿ (ಗಾಡಿ ಜಾರುವಾಗ ತಾನೇ ಬ್ರೇಕ್ ಹಾಕಿ ಹಿಡಿತ ಉಳಿಸುವ ವ್ಯವಸ್ಥೆ) ಇರುವ ವೇರಿಯಂಟನ್ನೇ ಕೊಳ್ಳಿ. ಎತ್ತರದ ಗಾಡಿಗಂತೂ ಸನ್‌ರೂಫ್ ಬಿಟ್ಟರೂ ಇದನ್ನು ಬಿಡಬಾರದು.

ವ್ಯತ್ಯಾಸ ಕೈಗೆ ತಿಳಿಯಬೇಕೆಂದರೆ ಒಂದೇ ಎಂಜಿನ್ನಿನ ಎರಡು ಗಾಡಿಗಳನ್ನು ಬೆನ್ನಿಗೆ ಬೆನ್ನಿಗೆ ಓಡಿಸಿ. ಐ20 ಎನ್ ಲೈನ್, ವೆನ್ಯೂ ಟರ್ಬೊ ಎರಡರಲ್ಲೂ 1 ಲೀಟರಿನ ಎಂಜಿನ್, 120 ಪಿಎಸ್ ಶಕ್ತಿ, 172 ಎನ್‌ಎಂ ಟಾರ್ಕ್ (ಎಳೆಯುವ ಬಲ). ಹ್ಯಾಚ್‌ಬ್ಯಾಕ್ ಬಲೆನೊ, ಎಸ್‌ಯುವಿ ಫ್ರಾಂಕ್ಸ್ ಎರಡರ ಬುನಾದಿಯೂ ಒಂದೇ, 2520 ಮಿ.ಮೀ. ವೀಲ್‌ಬೇಸೂ ಒಂದೇ, ಕ್ಲಿಯರೆನ್ಸ್ ಮಾತ್ರ 170 ಮತ್ತು 190. ಷೋರೂಮಿನವರು ರಿಂಗ್ ರೋಡಿನ ನುಣ್ಣನೆಯ ತುಂಡಿನಲ್ಲಿ ಒಂದು ಸುತ್ತು ಹೊಡೆಸಿ ‘ಹೆಂಗದರೀ ಸರ?’ ಎನ್ನುತ್ತಾರೆ. ಒಪ್ಪಬೇಡಿ. ಹಾಳಾದ ರಸ್ತೆಯಲ್ಲಿ 40ರ ವೇಗದಲ್ಲಿ ಹಿಂದಿನ ಸೀಟಿನಲ್ಲಿ ನೀವೇ ಕೂತು ನೋಡಿ, ಚುರುಕು ಹ್ಯಾಚ್‌ಬ್ಯಾಕಿನ ಗಡುಸು ಗೊತ್ತಾಗುವುದು ಅಲ್ಲಿ. ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಏರಿಸಿ, ನಾಲ್ವರು ಕೂತಿರುವಾಗಲೇ. ಗಾಡಿಯನ್ನು ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿ ಎಸಿ ಹಾಕಿ, ಹಿಂದಿನವರಿಗೆ ಎಷ್ಟು ಹೊತ್ತಿಗೆ ತಂಪು ತಲುಪಿತು ಕೇಳಿ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಹಿಂದಿನ ಎಸಿ ವೆಂಟ್ ಶೋಕಿಯಲ್ಲ.

ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಲೆಕ್ಕ ಇನ್ನೂ ಸುಲಭ. ಸೀಟಿನ ಅಂಚು ಅವರ ಮಂಡಿಗಿಂತ ತುಸು ಮೇಲಿದ್ದರೆ ಕೂತು ತಿರುಗಿದರೆ ಸಾಕು. ಕೆಳಗಿದ್ದರೆ ಏಳುವಾಗಲೆಲ್ಲ ಒಬ್ಬರು ಕೈ ಹಿಡಿಯಬೇಕು. ಇದೊಂದೇ ಕಾರಣಕ್ಕೆ ಎಸ್‌ಯುವಿ ತೆಗೆದುಕೊಂಡರೂ ತಪ್ಪಿಲ್ಲ.

ಟರ್ಬೊ ಪೆಟ್ರೋಲ್ ಯಾವುದರಲ್ಲಿದ್ದರೂ ಮೇಲಿನ ಗೇರಿನಲ್ಲಿ 1,500 ಆರ್‌ಪಿಎಂಗಿಂತ ಕೆಳಗೆ ಆಕ್ಸಲರೇಟರ್ ಪೂರ್ತಿ ಒತ್ತಬೇಡಿ, ಇಂಧನ ಹೊತ್ತಲ್ಲದ ಹೊತ್ತಿಗೆ ಉರಿದು ಪಿಸ್ಟನ್‌ಗೆ ಪೆಟ್ಟು. ಹೆದ್ದಾರಿಯಲ್ಲಿ ಜೋರಾಗಿ ಬಂದು ಢಾಬಾ ಮುಂದೆ ನಿಲ್ಲಿಸಿದಾಗ ಒಂದು ನಿಮಿಷ ಎಂಜಿನ್ ಓಡಲಿ, ಟರ್ಬೊ ತಣಿಯುತ್ತದೆ. ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸಿನ ಒಣ ಕ್ಲಚ್ ಕಲಬುರಗಿಯ ಸೂಪರ್ ಮಾರ್ಕೆಟ್ ಸಂದಣಿಯಲ್ಲಿ ಇಂಚಿಂಚು ಸರಿಸಿದರೆ ಕಾಯುತ್ತದೆ. ಮುಂದೆ ಒಂದು ಗಾಡಿಯಷ್ಟು ಜಾಗ ಆದಮೇಲೆ ಒಮ್ಮೆಗೇ ಸಾಗಿ. ದಿನಾ ಅದೇ ದಾರಿಯಾದರೆ ಒಣ ಕ್ಲಚ್ಚಿನ ಬದಲು ದ್ರವದ ಮೂಲಕ ಗಾಡಿ ಎಳೆಸುವ ಟಾರ್ಕ್ ಕನ್ವರ್ಟರ್ ಇರುವ ಫ್ರಾಂಕ್ಸ್ ಟರ್ಬೊ ವಾಸಿ. ಧೂಳಿಗೆ ಏರ್ ಫಿಲ್ಟರನ್ನು 5,000 ಕಿ.ಮೀ.ಗೊಮ್ಮೆ ತೆಗೆದು ನೋಡಿಸಿ, ಅಲೈನ್‌ಮೆಂಟೂ ಆಗಲೇ ಆಗಲಿ. ತಗ್ಗಿನಲ್ಲಿ ಟಕ್ ಟಕ್ ಸದ್ದು ಬಂದರೆ ಮಿಸ್ತ್ರಿಗೆ ಮೊದಲು ಲಿಂಕ್ ರಾಡ್ ನೋಡಲು ಹೇಳಿ, ಆಮೇಲೆ ಲೋವರ್ ಆರ್ಮ್ ಬುಷ್.

ತೆರಿಗೆಯ ವಿಷಯದಲ್ಲಿ ದೇಹದ ಆಕಾರಕ್ಕೆ ಬೆಲೆಯಿಲ್ಲ. 2025ರ ಸೆಪ್ಟೆಂಬರ್ 22ರಿಂದ 4 ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಅಥವಾ 1500 ಸಿಸಿ ಮೀರದ ಡೀಸೆಲ್ ಗಾಡಿಗೆ ಜಿಎಸ್‌ಟಿ ಶೇ 18. ಸಣ್ಣ ಎಸ್‌ಯುವಿ ಬ್ರೆಝಾ ಉದ್ದದಲ್ಲಿ ಪಾಸು, ಆದರೆ ಪೆಟ್ರೋಲ್ ಎಂಜಿನ್ 1462 ಸಿಸಿ, ಹಾಗಾಗಿ ಶೇ 40.

ಹೈದರಾಬಾದಿನಿಂದ ಹಳೆಯ ಗಾಡಿ ತರುವವರು ಅಲ್ಲಿನ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಓಸಿ ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಸಹಿಯ ಫಾರ್ಮ್ 35 ಕೂಡ ಬೇಕು. 12 ತಿಂಗಳೊಳಗೆ ಕಲಬುರಗಿಯಾದರೆ ಕೆಎ-32, ಯಾದಗಿರಿಯಾದರೆ ಕೆಎ-33, ಬೀದರಾದರೆ ಕೆಎ-38 ನಂಬರಿಗೆ ಬದಲಿಸಿಕೊಳ್ಳಬೇಕು, ಇಲ್ಲಿನ ರಸ್ತೆ ತೆರಿಗೆ ಬೇರೆಯೇ ಕಟ್ಟಬೇಕು. ಚೌಕಾಸಿಗೆ ಕೂರುವ ಮೊದಲೇ ಆ ಮೊತ್ತವನ್ನು ಬೆಲೆಗೆ ಸೇರಿಸಿಕೊಳ್ಳಿ.