ಇರುವೆಯ ದಾರಿ ಮುಚ್ಚಿದ ಮೇಲೆ ಅರಳಿದ ದಾಸವಾಳ

ಮುಂಬಯಿಯ ಮುಲುಂಡಿನ ನಮ್ಮ ಆರನೆಯ ಮಹಡಿಯ ಬಾಲ್ಕನಿಯಲ್ಲಿ ಈಗ ದಿನಕ್ಕೆ ಏಳೆಂಟು ದಾಸವಾಳ ಬಿಡುತ್ತವೆ. ಔಷಧಿ ಹೊಡೆಯದೆ ಹಿಟ್ಟು ತಿಗಣೆ (ಗಿಡದ ರಸ ಹೀರುವ, ಬಿಳಿ ಹಿಟ್ಟು ಮೆತ್ತಿದಂಥ ಹುಳು) ಹೋದರೆ ತನ್ನ ಹೆಸರನ್ನೇ ಬದಲಾಯಿಸಿಕೊಳ್ಳುತ್ತೇನೆ ಎಂದಿದ್ದ ನರ್ಸರಿಯವನು ಕಳೆದ ತಿಂಗಳು ಬಂದ. ಎಲೆ ಮಗುಚಿ ನೋಡಿ, ಮಾತಿಲ್ಲದೆ ಚಹಾ ಕುಡಿದು ಹೋದ. ಹೆಸರು ಮಾತ್ರ ಹಳೆಯದೇ ಇದೆ.

ಔಷಧಿ ಹೊಡೆಯಬಾರದೆಂಬ ವ್ರತವೇನೂ ನನಗಿರಲಿಲ್ಲ. ಮನೆಯಲ್ಲಿ ಬೆಕ್ಕಿದೆ, ಕರಿಯ. ಕುಂಡದ ಮಣ್ಣಿನಲ್ಲೇ ಮಲಗಿ, ಎದ್ದು ಮೈಯೆಲ್ಲ ನೆಕ್ಕಿಕೊಳ್ಳುತ್ತಾನೆ. ಗಿಡಕ್ಕೆ ಹೊಡೆದದ್ದು ಕೊನೆಗೆ ಅವನ ಹೊಟ್ಟೆಗೇ.

ಮೊದಲ ಪೆಟ್ಟು ಬಿದ್ದದ್ದು ಬೆಳ್ಳುಳ್ಳಿ, ಮೆಣಸಿನಕಾಯಿ ಕಷಾಯದಿಂದ. ಅಡುಗೆಮನೆಯ ಸಾಮಾನು ತಾನೇ ಎಂಬ ಧೈರ್ಯ. ಮರುದಿನ ಕರಿಯ ಜೊಲ್ಲು ಸುರಿಸುತ್ತ ಮಂಚದಡಿ ಸೇರಿದ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ ಎಂದು ಪಶುವೈದ್ಯರು ಚೆನ್ನಾಗಿ ಬೈದರು. ರಕ್ತ ಪರೀಕ್ಷೆಯೂ ಸೇರಿ 1,800 ರೂಪಾಯಿಯ ಹತ್ತಿರ ಹೋಯಿತು. ಆ ದುಡ್ಡಿಗೆ ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಎಷ್ಟು ಹೂ ಬರುತ್ತಿತ್ತು ಎಂದು ಹೆಂಡತಿ ಲೆಕ್ಕ ಹಾಕಿ ತೋರಿಸಿದಳು. ತಂಬಾಕಿನ ನೀರು ಹೊಡೆ ಎಂದು ಊರಿನಿಂದ ಮಾವ ಫೋನಿನಲ್ಲಿ ಹೇಳಿದಾಗ ಹೂಂ ಎಂದೆ, ಮಾಡಲಿಲ್ಲ. ನಿಕೋಟಿನ್ ಬೆಕ್ಕಿಗೂ ವಿಷ, ನನಗೂ ವಿಷ.

ಆಮೇಲೆ ಬೂದಿ. ಅಮ್ಮ ಬದನೆ ಗಿಡಕ್ಕೆ ಎರಚುತ್ತಿದ್ದದ್ದು ನೆನಪಾಯಿತು. ಊರಿನ ಹಿತ್ತಿಲಿಗೆ ಕೆಳಗಿನ ಮಹಡಿ ಇರಲಿಲ್ಲ, ಇಲ್ಲಿ ಇದೆ. ಅಲ್ಲಿ ಬಿಳಿ ಅಂಗಿಗಳು ಒಣಗುತ್ತಿದ್ದವು. ಸೊಸೈಟಿಯ ಕಾರ್ಯದರ್ಶಿ ಮರಾಠಿಯಲ್ಲಿ ಬರೆದ ಪತ್ರವನ್ನು ಜೋಪಾನವಾಗಿ ಇಟ್ಟಿದ್ದೇನೆ.

ಅದಾದ ಮೇಲೆ ಬೇವಿನ ಎಣ್ಣೆ. ನಾನು ಅದನ್ನು ಪಾತ್ರೆ ತೊಳೆಯುವ ದ್ರವದಲ್ಲಿ ಕದಡಿ, ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಹೊಡೆದೆ. ಗುಲಾಬಿಯ ಎಲೆಗಳೆಲ್ಲ ಅಂಚು ಸುಟ್ಟುಕೊಂಡವು. ಈಗ ದ್ರವದ ಬದಲು ನೊರೆ ಬರುವ ಅಂಟುವಾಳದ ಕಾಯಿ. ಮಾಟುಂಗದ ಅಂಗಡಿಯಲ್ಲಿ ನಮ್ಮ ಹೆಸರಿಗೇ ಸಿಗುತ್ತದೆ, ಮುಲುಂಡಿನಲ್ಲಿ ರೀಠಾ ಎನ್ನಬೇಕು. ಕಾಲು ಕಿಲೋಗೆ 60–70 ರೂಪಾಯಿ, ನಾಲ್ಕು ತಿಂಗಳು ಸಾಕು. ನೆನೆಹಾಕುವಾಗ ಇನ್ನೊಂದು ವಸ್ತುವನ್ನೂ ಸೇರಿಸುತ್ತೇನೆ. ಪಶುವೈದ್ಯರ ಒಪ್ಪಿಗೆ ಪಡೆದದ್ದೇ, ಆದರೆ ಹೆಸರು ಹೇಳಲಾರೆ. ನರ್ಸರಿಯವನೂ ಕೇಳಿ ಸೋತಿದ್ದಾನೆ. ಹೊಡೆಯುವುದು ಸೂರ್ಯ ಇಳಿದ ಮೇಲೆ, ಎಲೆಯ ಕೆಳಮೈಗೆ. ಆ ರಾತ್ರಿ ಬಾಲ್ಕನಿಯ ಬಾಗಿಲು ಕರಿಯನಿಗೆ ಬಂದ್. ಬೆಳಿಗ್ಗೆ ಗಿಡವನ್ನು ಬರಿ ನೀರಿನಲ್ಲಿ ತೊಳೆದ ಮೇಲೆಯೇ ತೆರೆಯುತ್ತೇನೆ.

ಇಷ್ಟಾದರೂ ವಾರಕ್ಕೆಲ್ಲ ತಿಗಣೆ ಹಾಜರ್. ಒಂದು ರಾತ್ರಿ ಟಾರ್ಚ್ ಹಿಡಿದು ಕುಳಿತಾಗ ಕಳ್ಳರು ಸಿಕ್ಕಿದರು. ತಿಗಣೆ ಸುರಿಸುವ ಸಿಹಿಗಾಗಿ ಇರುವೆಗಳು ಅವುಗಳನ್ನು ದನ ಸಾಕಿದ ಹಾಗೆ ಸಾಕುತ್ತಿದ್ದವು. ಕುಂಡದ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿದೆ. ಸೊಳ್ಳೆಮರಿ ಹುಡುಕಿಕೊಂಡು ಬಂದ ಪಾಲಿಕೆಯವರು ಬಟ್ಟಲು ಮಗುಚಿಸಿ, ಮುಂದಿನ ಸಲ ದಂಡ ಎಂದರು. ನ್ಯಾಯವೇ. ಆಮೇಲೆ ಕಾಲುಗಳಿಗೆ ಟೇಪು ಸುತ್ತಿ ಪೆಟ್ರೋಲಿಯಂ ಜೆಲ್ಲಿ ಬಳಿದೆ, ಕರಿಯನ ಮೂತಿ ತಾಗದಂತೆ ಸ್ಟ್ಯಾಂಡಿನ ಅಡಿಯಲ್ಲಿ, ಒಳಮೈಗೆ ಮಾತ್ರ. ಆದರೂ ಇರುವೆ! ಮೂರು ವಾರ ತಲೆ ಕೆಡಿಸಿಕೊಂಡ ಮೇಲೆ ಕಂಡಿತು: ದಾಸವಾಳದ ಒಂದೇ ಒಂದು ಎಲೆ ಕಿಟಕಿಯ ಗ್ರಿಲ್ಲಿಗೆ ತಾಗಿತ್ತು. ಅದೇ ಸೇತುವೆ. ಕತ್ತರಿಸಿದೆ, ಅಷ್ಟೇ.

ಇರುವೆಯ ಕಾವಲು ನಿಂತ ಮೇಲೆ ತಿಗಣೆ ತಿನ್ನುವ ಗುಲಗಂಜಿ ಹುಳುಗಳು (ಲೇಡಿಬಗ್) ಬಂದವು. ಅವುಗಳಲ್ಲಿ ಒಂದು ಜಾತಿಯ ಮರಿ ಬಿಳಿ ಮೇಣ ಹೊದ್ದು ಥೇಟ್ ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ, ಆದರೆ ಅದಕ್ಕಿಂತ ದೊಡ್ಡದು, ಚುರುಕಿನದು. ಹಿಂದೆ ಹಲ್ಲುಜ್ಜುವ ಬ್ರಷ್ ಹಿಡಿದು ನಾನೇ ಇಂಥ ಎಷ್ಟನ್ನು ಹೊಸಕಿದ್ದೇನೋ! ಈಗ ಅವು ಕಂಡ ಕೊಂಬೆಗೆ ಅಂಟುವಾಳದ ನೀರೂ ಇಲ್ಲ.

ನಡುವೆ ಗುಲಾಬಿಯ ಬೂದಿರೋಗಕ್ಕೆ ಹುಳಿ ಮಜ್ಜಿಗೆಯನ್ನೂ ನೋಡಿದೆ. ರೋಗ ಸ್ವಲ್ಪ ತಗ್ಗಿತು, ಆದರೆ ಕರಿಯ ಎಲೆ ನೆಕ್ಕಲು ಮುಳ್ಳಿನ ನಡುವೆ ಮೂತಿ ತೂರಿಸತೊಡಗಿದ. ಕೈಬಿಟ್ಟೆ.

ಉಡುಪಿ ಕಡೆಯಿಂದ ತಂದ ಶಂಕರಪುರ ಮಲ್ಲಿಗೆಯ ಮೊಗ್ಗು ಕೊರೆಯುವ ಹುಳು ಮಾತ್ರ ಇದ್ಯಾವುದಕ್ಕೂ ಜಗ್ಗಿಲ್ಲ. ತೂತಾದ ಮೊಗ್ಗುಗಳನ್ನು ಬೆಳಿಗ್ಗೆ ಕೈಯಲ್ಲೇ ಕೀಳುತ್ತೇನೆ. ಕಳೆದ ಭಾನುವಾರ 32.