ಮೈ ತುಂಬಿದೆ, ಬಲ ಸಾಲುತ್ತಿಲ್ಲ: ಬೆಳವಣಿಗೆ ಹಾರ್ಮೋನು ಹೆಚ್ಚಾದಾಗ ಸ್ನಾಯುಗಳನ್ನು ಗಮನಿಸುವ ಬಗೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ನಡುವಯಸ್ಸಿನ ಹಮಾಲರೊಬ್ಬರನ್ನು ಕಲ್ಪಿಸಿಕೊಳ್ಳಿ. ಕೆಲವು ವರ್ಷಗಳಲ್ಲಿ ಅವರ ಉಂಗುರ ಬೆರಳಿಗೆ ಏರದಂತಾಗಿದೆ, ಚಪ್ಪಲಿಯ ಅಳತೆ ಎರಡು ನಂಬರ್ ಹೆಚ್ಚಿದೆ, ದವಡೆ ಮುಂದೆ ಬಂದಿದೆ. ಮನೆಯವರು ಮೈ ಹಿಡಿದಿದೆ ಎಂದು ಸಂತೋಷಪಡುತ್ತಾರೆ, ಆದರೆ ಅವರಿಗೆ ಮಾತ್ರ ಚೀಲ ಮೊದಲಿನಂತೆ ಏಳುತ್ತಿಲ್ಲ. ಅಕ್ರೊಮೆಗಲಿ ಎಂಬ ಈ ಕಾಯಿಲೆಯಲ್ಲಿ, ಬಹುಪಾಲು ಸಂದರ್ಭಗಳಲ್ಲಿ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆದ ಗಡ್ಡೆಯೊಂದು ಬೆಳವಣಿಗೆ ಹಾರ್ಮೋನನ್ನು ಮಿತಿಮೀರಿ ಸ್ರವಿಸುತ್ತದೆ ಮತ್ತು ಅದರಿಂದ ಯಕೃತ್ತಿನಲ್ಲಿ ಐಜಿಎಫ್-1 ಎಂಬ, ಮೈ ಬೆಳೆಸುವ ಇನ್ನೊಂದು ಹಾರ್ಮೋನು ಹೆಚ್ಚುತ್ತದೆ. ಸ್ನಾಯು ದಪ್ಪವಾಗಿ ಕಂಡರೂ ತೊಡೆ, ಸೊಂಟ, ಭುಜಗಳ ಬಲ ಕುಗ್ಗುತ್ತದೆ. ಗರಡಿಮನೆಗಳ ನಮ್ಮ ಸೀಮೆಯಲ್ಲಿ ದಪ್ಪ ತೋಳನ್ನೇ ಬಲವೆಂದು ಎಣಿಸುವ ರೂಢಿ ಇರುವುದರಿಂದ ಈ ಸೂಚನೆ ಸುಲಭವಾಗಿ ತಪ್ಪಿಹೋಗುತ್ತದೆ.

ಆದ್ದರಿಂದ ತೋಳಿನ ಸುತ್ತಳತೆಯನ್ನಲ್ಲ, ಮಾಡುವ ಕೆಲಸವನ್ನು ಅಳೆಯಿರಿ. ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಸಲ ಪೂರ್ತಿ ಎದ್ದು ಕುಳಿತುಕೊಳ್ಳಿ; ಪಕ್ಕದಲ್ಲಿ ಒಬ್ಬರು ನಿಂತು ಸಮಯ ನೋಡಲಿ. 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಕಾಲಿನ ಬಲ ಕುಂದಿರಬಹುದು. ತಿಂಗಳಿಗೊಮ್ಮೆ ಅದೇ ಕುರ್ಚಿಯಲ್ಲಿ ಮತ್ತೆ ಮಾಡಿ ಬರೆದಿಡಿ. ನಿಲ್ಲಿಸಿದ್ದು ಕೀಲುನೋವಿನಿಂದಲೋ, ಬಲ ಸಾಲದೆಯೋ ಎಂಬುದನ್ನೂ ಬರೆಯಬೇಕು, ಏಕೆಂದರೆ ಈ ಕಾಯಿಲೆ ಕೀಲುಗಳನ್ನೂ ಸವೆಸುತ್ತದೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಹಿಡಿಯುವುದು ಮಣಿಕಟ್ಟಿನಲ್ಲಿ ನರ ಒತ್ತಲ್ಪಟ್ಟ ಗುರುತಾಗಿರಬಹುದು.

ಈ ಟಿಪ್ಪಣಿಯೊಂದಿಗೆ ಐದಾರು ವರ್ಷ ಹಿಂದಿನ ಫೋಟೊ ತೆಗೆದುಕೊಂಡು ಹುಬ್ಬಳ್ಳಿ, ಗದಗ ಅಥವಾ ಹಾವೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಹೋಗಿ, ಐಜಿಎಫ್-1 ರಕ್ತಪರೀಕ್ಷೆಯ ಬಗ್ಗೆ ಕೇಳಿ. ಬೆಳವಣಿಗೆ ಹಾರ್ಮೋನು ದಿನವಿಡೀ ಏರಿಳಿಯುವುದರಿಂದ ಅದನ್ನು ಒಮ್ಮೆ ಮಾತ್ರ ಅಳೆದು ನಿರ್ಧರಿಸಲಾಗದು. ಐಜಿಎಫ್-1 ಹೆಚ್ಚಿದ್ದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬೆಳವಣಿಗೆ ಹಾರ್ಮೋನಿನ ಮಟ್ಟ ಇಳಿಯುತ್ತದೆಯೇ ಎಂದು ನೋಡುತ್ತಾರೆ, ಬಳಿಕ ಪಿಟ್ಯುಟರಿಯ ಎಂಆರ್‌ಐ ಮಾಡಿಸುತ್ತಾರೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಮುಂತಾದವುಗಳಿಂದಲೂ ನಿಶ್ಶಕ್ತಿ ಬರಬಹುದು, ಅವನ್ನೂ ಪರೀಕ್ಷಿಸಿಕೊಳ್ಳಿ.

ಮೂಗಿನ ಮೂಲಕ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯೇ ಸಾಮಾನ್ಯವಾಗಿ ಮೊದಲ ಆಯ್ಕೆ. ಅದು ಸಾಲದಿದ್ದರೆ ಹಾರ್ಮೋನನ್ನು ತಗ್ಗಿಸುವ ಆಕ್ಟ್ರಿಯೊಟೈಡ್‌ನಂತಹ ಚುಚ್ಚುಮದ್ದು, ಕೆಲವೊಮ್ಮೆ ವಿಕಿರಣ ಚಿಕಿತ್ಸೆ. ಹಾರ್ಮೋನು ಹತೋಟಿಗೆ ಬಂದ ಮೇಲೂ ಬಲ ಮರಳಲು ತಿಂಗಳುಗಳೇ ಬೇಕಾಗಬಹುದು. ಈ ಕಾಯಿಲೆಯಲ್ಲಿ ಹೃದಯವೂ ದಪ್ಪಗಾಗುವ ಸಾಧ್ಯತೆಯಿದೆ. ಆದ್ದರಿಂದ ವ್ಯಾಯಾಮಕ್ಕೆ ಮುಂಚೆ ರಕ್ತದೊತ್ತಡ ಮತ್ತು ಎಕೊ (ಹೃದಯದ ಸ್ಕ್ಯಾನ್) ಪರೀಕ್ಷೆ ಮುಗಿದಿರಬೇಕು. ಆಮೇಲೆ ಫಿಸಿಯೊಥೆರಪಿಸ್ಟ್ ಹೇಳಿದಂತೆ ಕುರ್ಚಿಯಿಂದ ಏಳುವುದು, ಹಗುರ ಭಾರ ಎತ್ತುವುದು ಸಾಕು. ಮೊದಲ ದಿನವೇ ದಂಡ, ಬಸ್ಕಿ ಬೇಡ. ಚೀಲ ಹೊರುವ ಕೆಲಸಕ್ಕೆ ಮರಳುವ ದಿನವನ್ನು ವೈದ್ಯರ ಜೊತೆ ಕುಳಿತು, ಆ ತಿಂಗಳುಗಳ ಕುರ್ಚಿ ಲೆಕ್ಕವನ್ನು ಮುಂದಿಟ್ಟು ನಿಗದಿ ಮಾಡಿ.